ಹಳೇ ಫಿಗರ್ ಸ್ಕೇಟಿಂಗ್ ನೋಡುವುದು ಹೇಗೆ? ನನಗ್ಯಾಕೋ ಎಲ್ಲಾ ನಿಧಾನ ಅನ್ನಿಸುತ್ತಿದೆ

ಹಾಸನದ ಹುಡುಗ

ಎಲ್ಲರಿಗೂ ನಮಸ್ಕಾರ. ನನಗೆ ಈ ಆಟದ ಹುಚ್ಚು ಹತ್ತಿದ್ದು ಇಲಿಯಾ ಮಲಿನಿನ್‌ನಿಂದ. 2022ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಅವನು ಕ್ವಾಡ್ ಆಕ್ಸೆಲ್ ಹಾರಿದ ವಿಡಿಯೊ ಯಾರೋ ವಾಟ್ಸಾಪ್‌ಗೆ ಹಾಕಿದ್ದರು. ಗಾಳಿಯಲ್ಲಿ ನಾಲ್ಕೂವರೆ ಸುತ್ತು! ಸ್ಪರ್ಧೆಯಲ್ಲಿ ಅದಕ್ಕೆ ಮುಂಚೆ ಯಾರೂ ಅದನ್ನು ಸರಿಯಾಗಿ ಇಳಿಸಿರಲಿಲ್ಲವಂತೆ. ಅವತ್ತಿನಿಂದ ಸಿಕ್ಕಿದ್ದೆಲ್ಲ ನೋಡುತ್ತಿದ್ದೇನೆ.

ನಮ್ಮ ಆಫೀಸಿನಲ್ಲಿ ಒಬ್ಬರು ಹಿರಿಯರಿದ್ದಾರೆ. ನಾನು ಕ್ವಾಡ್ ಅಂತ ಬಾಯಿ ತೆಗೆದರೆ ಸಾಕು, "ನಿಂದು ಬರೀ ಹಾರಾಟ ಕಣಯ್ಯ, ಹಳೇದು ನೋಡು" ಅನ್ನುತ್ತಾರೆ. ಸರಿ ಅಂತ ಕೂತು ನೋಡಿದೆ. 1976ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನ ಜಾನ್ ಕರಿ. 1972ರ ಸಪ್ಪೊರೊದ ಜಾನೆಟ್ ಲಿನ್. ಚಿತ್ರ ಮಸುಕು, ಜಂಪ್ ಕಡಿಮೆ, ಕ್ವಾಡ್ ಅಂತೂ ಇಲ್ಲವೇ ಇಲ್ಲ. ಲಿನ್ ಒಂದು ಸ್ಪಿನ್‌ನಲ್ಲಿ ಜಾರಿ ಕೂತೇ ಬಿಟ್ಟರು. ಆದರೂ ವಿಡಿಯೊ ಕೆಳಗೆ ಜನ "ಇಂಥದ್ದು ಇನ್ನು ಹುಟ್ಟಲ್ಲ" ಅಂತ ಬರೆದಿದ್ದಾರೆ.

ವ್ಯಂಗ್ಯಕ್ಕೆ ಕೇಳುತ್ತಿಲ್ಲ. ನನ್ನ ಕಣ್ಣಿಗೆ ಏನೋ ಕಾಣುತ್ತಿಲ್ಲ ಅಂತ ಅನುಮಾನ. ಹಳೇದನ್ನು ನೋಡುವಾಗ ಏನನ್ನು ಗಮನಿಸಬೇಕು? ಎಲ್ಲಿಂದ ಶುರು ಮಾಡಬೇಕು? "ಸಾರ್ವಕಾಲಿಕ ಟಾಪ್ 10" ಪಟ್ಟಿ ದಯವಿಟ್ಟು ಬೇಡ, ಅದು ಎಲ್ಲಾ ಕಡೆ ಇದೆ.

ಟ್ರೆಂಟ್ ದಂಡೆ

ಹಾಸನದವರೇ, ಕರಿ ಮತ್ತು ಲಿನ್ ಇಬ್ಬರೂ ಶುರು ಮಾಡುವುದಕ್ಕೆ ಕಷ್ಟದವರು. ಸ್ವಲ್ಪ ಕಣ್ಣು ಪಳಗಿದ ಮೇಲೆ ಅವರ ಹತ್ತಿರ ಹೋಗಬೇಕು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ಬಿಟ್ಟು ಮುಂದೆ ಹೋಗಿ.

ನಾನು ತೀರ್ಥಹಳ್ಳಿಯವಳು. ತೊಂಬತ್ತರ ದಶಕದಿಂದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದೇನೆ, ಔಷಧಿ ಅಂಗಡಿಯಲ್ಲಿ ಕೆಲಸ. ಈ ಊರಲ್ಲಿ ಫಿಗರ್ ಸ್ಕೇಟಿಂಗ್‌ನಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಐಸ್ ರಿಂಕ್ ಮುಂದಿನ ಚೌಕದ ಹೆಸರು ಬೊಲೆರೊ ಸ್ಕ್ವೇರ್. ಆಚೆ ವೊಲ್ಲಟನ್ ಬಡಾವಣೆಗೆ ಹೋದರೆ ಟಾರ್ವಿಲ್ ಡ್ರೈವ್, ಡೀನ್ ಕ್ಲೋಸ್ ಅಂತ ಬೀದಿಗಳೇ ಇವೆ. ಜೇನ್ ಟಾರ್ವಿಲ್ ಇಲ್ಲಿ ವಿಮಾ ಕಂಪನಿಯಲ್ಲಿ ಗುಮಾಸ್ತೆಯಾಗಿದ್ದವರು. ಕ್ರಿಸ್ಟೊಫರ್ ಡೀನ್ ಪೊಲೀಸ್ ಆಗಿದ್ದವರು. ಇಬ್ಬರೂ ಕೆಲಸ ಬಿಟ್ಟು ಪೂರ್ತಿ ಅಭ್ಯಾಸಕ್ಕೆ ಇಳಿದಾಗ ಇಲ್ಲಿನ ನಗರಸಭೆ ಹಣ ಕೊಟ್ಟಿತು. ಹಾಗಾಗಿ ನಮ್ಮೂರ ಜನಕ್ಕೆ ಅವರ ಮೇಲೆ ಒಂದು ಹಕ್ಕು. ಔಷಧಿ ಚೀಟಿ ಹಿಡಿದು ಬರುವ ಅಜ್ಜಿಯರೂ ಆ 1984ರ ರಾತ್ರಿಯ ಮಾತು ತೆಗೆಯುತ್ತಾರೆ.

ಹಳೇ ಸ್ಕೇಟಿಂಗ್ ನೋಡಲು ಕೂತಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ. ಆ ವರ್ಷ ಏನೇನು ಮಾಡುವಂತಿರಲಿಲ್ಲ? ಎಷ್ಟು ಸುತ್ತು ಹಾರಿದರು ಅನ್ನುವುದು ಆಮೇಲೆ. ನಿಯಮ ಗೊತ್ತಾದರೆ ಅವರು ಅದನ್ನು ಎಲ್ಲಿ ಬಗ್ಗಿಸಿದರು, ಎಲ್ಲಿ ಪೆಟ್ಟು ತಿಂದರು ಅಂತ ಕಾಣುತ್ತದೆ. ಅಷ್ಟು ಕಂಡರೆ ಸಾಕು, ನಿಧಾನ ಅನ್ನಿಸುವುದಿಲ್ಲ.

ಟಾರ್ವಿಲ್–ಡೀನ್ ಜೋಡಿಯ ಬೊಲೆರೊ ತೊಗೊಳ್ಳಿ. 1984ರ ಫೆಬ್ರವರಿ 14, ಸರಾಯೆವೊ ಒಲಿಂಪಿಕ್ಸ್, ಜೆಟ್ರಾ ಕ್ರೀಡಾಂಗಣ. ಇದು ಐಸ್ ಡ್ಯಾನ್ಸ್. ಜೋಡಿ ಸ್ಕೇಟಿಂಗ್ ಬೇರೆ, ಇದು ಬೇರೆ. ಇಲ್ಲಿ ಹೆಣ್ಣನ್ನು ತಲೆಯ ಮೇಲೆ ಎತ್ತುವಂತಿಲ್ಲ, ಗಾಳಿಗೆ ಎಸೆಯುವಂತಿಲ್ಲ. ಫ್ರೀ ಡ್ಯಾನ್ಸ್‌ಗೆ ನಾಲ್ಕು ನಿಮಿಷ, ಹತ್ತು ಸೆಕೆಂಡ್ ಆಚೆ ಈಚೆ. ಆಗೆಲ್ಲ ಜೋಡಿಗಳು ಮೂರು ನಾಲ್ಕು ಸಂಗೀತದ ತುಂಡು ಸೇರಿಸುತ್ತಿದ್ದರು: ಒಂದು ಜೋರು, ಒಂದು ನಿಧಾನ, ಮತ್ತೆ ಜೋರು. ತೀರ್ಪುಗಾರರಿಗೆ ವೆರೈಟಿ ತೋರಿಸಬೇಕಲ್ಲ. ಇವರು ಫ್ರೆಂಚ್ ಸಂಗೀತಗಾರ ರವೆಲ್‌ನ ಬೊಲೆರೊ ಅನ್ನುವ ಒಂದೇ ಕೃತಿ ಹಿಡಿದರು. ಶುರುವಿನಿಂದ ಕೊನೆಯವರೆಗೆ ಒಂದೇ ತಾಳ, ಸದ್ದು ಮಾತ್ರ ಏರುತ್ತಾ ಹೋಗುತ್ತದೆ. ಮೂಲ ಕಾಲು ಗಂಟೆಗಿಂತ ಜಾಸ್ತಿ ಇದೆ. ಕತ್ತರಿಸಿ ಕತ್ತರಿಸಿ 4 ನಿಮಿಷ 28 ಸೆಕೆಂಡಿಗೆ ತಂದರು. ಅದಕ್ಕಿಂತ ಕಡಿಮೆ ಮಾಡಿದರೆ ಸಂಗೀತವೇ ಕೆಡುತ್ತದೆ. ಅಲ್ಲಿಗೂ 18 ಸೆಕೆಂಡ್ ಹೆಚ್ಚಾಯಿತು.

ಡೀನ್ ನಿಯಮದ ಪುಸ್ತಕ ತೆರೆದರು. ಪೊಲೀಸ್ ಬುದ್ಧಿ ನೋಡಿ! ಗಡಿಯಾರ ಓಡಲು ಶುರುವಾಗುವುದು ಸಂಗೀತ ಶುರುವಾದಾಗ ಅಲ್ಲ, ಸ್ಕೇಟಿಂಗ್ ಶುರುವಾದಾಗ. ಬ್ಲೇಡ್ ಐಸ್ ಮೇಲೆ ಓಡದಿದ್ದರೆ ಲೆಕ್ಕವಿಲ್ಲ. ಹಾಗಾಗಿ ಇಬ್ಬರೂ ಮಂಡಿಯೂರಿ ಎದುರು ಬದುರು ಕೂತರು. ಬರೀ ಮೈ ಮತ್ತು ಕೈ ಆಡಿಸುತ್ತಾ 18 ಸೆಕೆಂಡ್ ಕಳೆದರು. ಆಮೇಲೆ ಎದ್ದರು. ಇವತ್ತಿಗೂ ಬೊಲೆರೊ ಅಂದರೆ ಜನರ ಕಣ್ಣ ಮುಂದೆ ಬರುವುದು ಆ ಮಂಡಿಯೂರಿದ ಭಂಗಿಯೇ. ಹುಟ್ಟಿದ್ದು ಮಾತ್ರ ಸಮಯ ಉಳಿಸುವ ಉಪಾಯವಾಗಿ.

ಈಗ ಇನ್ನೊಮ್ಮೆ ನೋಡಿ. ಮಧ್ಯೆ ಎಲ್ಲೂ ಉಸಿರು ತೊಗೊಳ್ಳುವ ಜಾಗ ಇಲ್ಲ. ಮೂರು ತುಂಡಿನ ಪ್ರೋಗ್ರಾಂನಲ್ಲಿ ನಿಧಾನದ ಭಾಗದಲ್ಲಿ ಸುಧಾರಿಸಿಕೊಳ್ಳಬಹುದು. ಇಲ್ಲಿ ಸುಸ್ತಾಗುತ್ತಾ ಹೋದ ಹಾಗೆ ಸಂಗೀತ ಜೋರಾಗುತ್ತದೆ, ವೇಗವೂ ಏರಬೇಕು. ಕಲೆಗೆ ಕೊಡುವ ಅಂಕದಲ್ಲಿ ಒಂಬತ್ತು ತೀರ್ಪುಗಾರರೂ 6.0 ಕೊಟ್ಟರು. ಆಗ ಪೂರ್ತಿ ಅಂಕ ಅಂದರೆ ಅದೇ. ತಾಂತ್ರಿಕ ಅಂಕದ ಮೂರು ಸೇರಿ ಒಟ್ಟು 12.

ಆ ಕ್ರೀಡಾಂಗಣ ಮುಂದೆ ಬೋಸ್ನಿಯಾ ಯುದ್ಧದಲ್ಲಿ ಹಾಳಾಯಿತು. ಪಕ್ಕದ ಮೈದಾನ ಸ್ಮಶಾನವಾಯಿತು. 2014ರಲ್ಲಿ, ಮತ್ತೆ ಕಟ್ಟಿದ ಜೆಟ್ರಾದಲ್ಲಿ ಇವರಿಬ್ಬರೂ ಹೋಗಿ ಬೊಲೆರೊ ಮತ್ತೆ ಆಡಿದರು. ಆಗ ಇಬ್ಬರಿಗೂ ಐವತ್ತು ದಾಟಿತ್ತು. ಅದನ್ನೂ ನೋಡಿ, ಆದರೆ ಮೊದಲು 1984ರದ್ದು.

ಇನ್ನು ನಿಮ್ಮ ಜಾನೆಟ್ ಲಿನ್. ಆ ಕಾಲದಲ್ಲಿ ಅರ್ಧ ಅಂಕ ಕಡ್ಡಾಯ ಫಿಗರ್‌ಗೆ ಹೋಗುತ್ತಿತ್ತು. ಈ ಆಟಕ್ಕೆ ಹೆಸರು ಬಂದಿದ್ದೇ ಅದರಿಂದ. ಖಾಲಿ ಐಸ್ ಮೇಲೆ ಒಂದೇ ಕಾಲಲ್ಲಿ 8ರ ಆಕಾರದ ವೃತ್ತ ಎಳೆಯಬೇಕು, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಹೋಗಬೇಕು. ಸಂಗೀತ ಇಲ್ಲ, ಪ್ರೇಕ್ಷಕರು ಬರುವುದಿಲ್ಲ. ತೀರ್ಪುಗಾರರು ಬಗ್ಗಿ ಗೆರೆ ಪರೀಕ್ಷೆ ಮಾಡುತ್ತಾರೆ. ಸಪ್ಪೊರೊದಲ್ಲಿ ಆಸ್ಟ್ರಿಯಾದ ಬೆಯಾಟ್ರಿಕ್ಸ್ ಶುಬಾ ಫಿಗರ್‌ನಲ್ಲಿ ಎಷ್ಟು ಮುಂದೆ ಹೋದರು ಅಂದರೆ, ಫ್ರೀ ಸ್ಕೇಟ್‌ನಲ್ಲಿ (ಸಂಗೀತಕ್ಕೆ ಜಂಪ್, ಸ್ಪಿನ್ ಮಾಡುವ ಉದ್ದನೆಯ ಸುತ್ತು) ಏಳನೆಯವರಾಗಿ ಬಂದರೂ ಚಿನ್ನ ಅವರದೇ. ಲಿನ್ ಫ್ರೀ ಸ್ಕೇಟ್ ಗೆದ್ದು ಕಂಚಿಗೆ ನಿಂತರು. ಟಿವಿಯಲ್ಲಿ ಫ್ರೀ ಸ್ಕೇಟ್ ಮಾತ್ರ ನೋಡಿದವರಿಗೆ ತಲೆಬುಡ ಅರ್ಥ ಆಗಲಿಲ್ಲ. ಮುಂದಿನ ವರ್ಷವೇ ನಿಯಮ ಬದಲಾಯಿತು, ಶಾರ್ಟ್ ಪ್ರೋಗ್ರಾಂ ಅನ್ನುವ ಸಂಗೀತದ ಚಿಕ್ಕ ಸುತ್ತು ಬಂತು, ಫಿಗರ್‌ನ ತೂಕ ಇಳಿಯಿತು. ನೀವು ನೋಡಿದ ಆ ಬೀಳುವಿಕೆ ಇದೆಯಲ್ಲ, ಬಿದ್ದ ಮೇಲೆ ಅವರ ಮುಖ ನೋಡಿದಿರಾ? ನಕ್ಕರು. ಜಪಾನಿನವರು ಆ ನಗುವನ್ನು ಬಹಳ ವರ್ಷ ಮರೆಯಲಿಲ್ಲ.

ಆದರೆ ಜಂಪ್ ಇಷ್ಟಪಡುವ ನಿಮಗೆ ನಾನು ಹೇಳುವವರು ಮಿಡೊರಿ ಇಟೊ. ಇವತ್ತೇ ನೋಡಿ. ನಗೋಯಾದ ಹುಡುಗಿ, ಐದಡಿಯೂ ಇಲ್ಲ. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನ ಫ್ರೀ ಸ್ಕೇಟ್‌ನಲ್ಲಿ ಏಳು ಟ್ರಿಪಲ್, ಅಂದರೆ ಮೂರು ಸುತ್ತಿನ ಜಂಪ್. ಆ ಎತ್ತರ ನೋಡಿದರೆ ನಿಮಗೆ ಮಸುಕು ಚಿತ್ರ ಮರೆತೇ ಹೋಗುತ್ತದೆ. ಕೊನೆಯ ಭಂಗಿಗೂ ಮುಂಚೆಯೇ ಖುಷಿ ತಡೆಯಲಾರದೆ ಮುಖ ಅರಳಿಬಿಟ್ಟಿದೆ. ಇಡೀ ಕ್ರೀಡಾಂಗಣ ಎದ್ದು ನಿಂತಿದೆ. ಸಿಕ್ಕಿದ್ದು? ಐದನೇ ಸ್ಥಾನ. ಯಾಕೆ ಅಂದರೆ ಫಿಗರ್‌ನಲ್ಲಿ ಹತ್ತನೆಯವರು. ಫಿಗರ್‌ಗೆ ಆಗಲೂ ನೂರಕ್ಕೆ 30 ಇತ್ತು.

ಮರುವರ್ಷ ಪ್ಯಾರಿಸ್‌ನಲ್ಲಿ ಟ್ರಿಪಲ್ ಆಕ್ಸೆಲ್ (ಮೂರೂವರೆ ಸುತ್ತು) ಇಳಿಸಿ ವಿಶ್ವ ಚಾಂಪಿಯನ್ ಆದರು, ಆ ಪಟ್ಟ ಗೆದ್ದ ಮೊದಲ ಏಷ್ಯಾದವರು. 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ ಅದೇ ಜಂಪ್‌ಗೆ ಹೋಗಿ ಬಿದ್ದರು. ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಇವರು ಪ್ರೋಗ್ರಾಂ ಕೊನೆಗೆ ಬರುತ್ತಿರುವಾಗ, ಕಾಲು ಸೋತಿರುವಾಗ, ಅದನ್ನೇ ಮತ್ತೆ ಹಾರಿ ಇಳಿಸಿದರು. ಒಲಿಂಪಿಕ್ಸ್‌ನಲ್ಲಿ ಹೆಣ್ಣೊಬ್ಬಳು ಟ್ರಿಪಲ್ ಆಕ್ಸೆಲ್ ಮಾಡಿದ್ದು ಅದೇ ಮೊದಲು. ಬೆಳ್ಳಿ ಬಂತು. ನನಗೆ ಆ ಎರಡನೇ ಪ್ರಯತ್ನ ಯಾವ ಚಿನ್ನಕ್ಕಿಂತ ದೊಡ್ಡದು.

ಕೊನೆಗೆ ಎರಡು ಮಾತು. ಒಂದು, ಸೊಂಟದ ಮೇಲೆ ನೋಡುವುದನ್ನು ಸ್ವಲ್ಪ ಹೊತ್ತು ಬಿಡಿ, ಮೊಣಕಾಲಿನಿಂದ ಕೆಳಗೆ ನೋಡಿ. ಬ್ಲೇಡ್‌ನ ತಳ ಚಪ್ಪಟೆ ಇರುವುದಿಲ್ಲ, ನಡುವೆ ಸಣ್ಣ ಕಾಲುವೆ ಇದೆ. ಹಾಗಾಗಿ ಒಳಗಂಚು, ಹೊರಗಂಚು ಅಂತ ಎರಡು. ಒಳ್ಳೆಯ ಸ್ಕೇಟರ್ ಯಾವಾಗಲೂ ಒಂದು ಅಂಚಿನ ಮೇಲೆ ಒರಗಿರುತ್ತಾರೆ, ಅದರಿಂದಲೇ ಗೆರೆ ಬಾಗುತ್ತದೆ. ನಾನು ಇಲ್ಲಿ ದೊಡ್ಡವರ ಕ್ಲಾಸಿಗೆ ಸೇರಿದ್ದೆ. ಹೊರಗಂಚಿನ ಮೇಲೆ ಮೈ ಒರಗಿಸುವುದು ಎಂಥಾ ಭಯ ಅಂತ ಆಗ ಗೊತ್ತಾಯಿತು. ಬಿದ್ದೇ ಹೋಗುತ್ತೇವೆ ಅನ್ನಿಸುತ್ತದೆ. ಕರಿ ಅದನ್ನು ಯಾವ ಆತುರವೂ ಇಲ್ಲದೆ ಮಾಡುತ್ತಾರೆ. ಅವರಪ್ಪ ಬ್ಯಾಲೆ ಕಲಿಯಲು ಬಿಡಲಿಲ್ಲ, ಸ್ಕೇಟಿಂಗ್ ಆಟ ಅಲ್ವಾ ಅಂತ ಅದಕ್ಕೆ ಒಪ್ಪಿದರು. ಮಗ ಐಸ್ ಮೇಲೆಯೇ ಬ್ಯಾಲೆ ತಂದ.

ಎರಡು, ಕಾಮೆಂಟರಿ ಇಲ್ಲದ ವಿಡಿಯೊ ಸಿಕ್ಕರೆ ಅದನ್ನೇ ನೋಡಿ. ಬ್ಲೇಡ್‌ನ ಸದ್ದು ಕೇಳಬೇಕು. ಅಂಚು ಆಳವಾಗಿದ್ದರೆ ಸದ್ದು ಮೃದು. ಕೆರೆಯುವ ಸದ್ದು ಬಂದರೆ ಎಲ್ಲೋ ಜಾರುತ್ತಿದ್ದಾರೆ ಅಂತ ಅರ್ಥ.

ಲೆಕ್ಕದ ಮೇಷ್ಟ್ರು

ಮೇಡಂ ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ತಕರಾರು. 6.0 ಅಂತ ಕಣ್ಣರಳಿಸುವುದು ಯಾಕೆ? ಆ ಪದ್ಧತಿಯಲ್ಲಿ ಯಾವುದಕ್ಕೆ ಎಷ್ಟು ಅಂಕ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. 2002ರ ಸಾಲ್ಟ್ ಲೇಕ್ ಸಿಟಿ ನೆನಪಿದೆಯಾ? ಜೋಡಿ ಸ್ಪರ್ಧೆಯಲ್ಲಿ ರಷ್ಯಾದವರಿಗೆ ಚಿನ್ನ. ಆಮೇಲೆ ಫ್ರಾನ್ಸಿನ ತೀರ್ಪುಗಾರ್ತಿಯ ಮೇಲೆ ಒತ್ತಡ ಇತ್ತು ಅಂತ ಗಲಾಟೆ. ಕೊನೆಗೆ ಕೆನಡಾದ ಸಾಲೆ–ಪೆಲ್ಟಿಯೆ ಜೋಡಿಗೂ ಒಂದು ಚಿನ್ನ ಕೊಟ್ಟು ಕೈ ತೊಳೆದುಕೊಂಡರು. 2004ರಲ್ಲಿ ಇಡೀ ಪದ್ಧತಿಯನ್ನೇ ತೆಗೆದು ಹಾಕಿದರು. ಅಂಥ ಅಂಕಗಳನ್ನು ಇಟ್ಟುಕೊಂಡು "ಶ್ರೇಷ್ಠ" ಅಂದರೆ ಹೇಗೆ?

ಇನ್ನೊಂದು. ನೀವು ಹೇಳಿದ ಇಟೊ ನನ್ನ ಪಕ್ಷಕ್ಕೇ ಬರುತ್ತಾರೆ. ಅವರನ್ನು ಇವತ್ತೂ ನೋಡಬೇಕು ಅನ್ನಿಸುವುದು ಜಂಪ್‌ನಿಂದ ತಾನೇ? ಹಾಸನದ ಹುಡುಗನ ರುಚಿಯಲ್ಲಿ ಏನೂ ಕೊರತೆಯಿಲ್ಲ. ಮಲಿನಿನ್ ಇವತ್ತು ಮಾಡುವುದನ್ನು ಅವತ್ತಿನವರು ಕನಸಿನಲ್ಲೂ ಕಂಡಿರಲಿಲ್ಲ.

ಟ್ರೆಂಟ್ ದಂಡೆ

ಮೇಷ್ಟ್ರೇ, ತೀರ್ಪಿನ ವಿಷಯದಲ್ಲಿ ನಿಮ್ಮ ಜೊತೆ ಜಗಳ ಇಲ್ಲ. ಒಪ್ಪಿದೆ. ಆದರೆ ತೀರ್ಪುಗಾರ ಮೋಸ ಮಾಡಿದರೆ ಸ್ಕೇಟರ್ ಕಾಲು ಸೊಟ್ಟಗಾಗುತ್ತಾ? ಅಂಕ ಬದಿಗಿಟ್ಟು ನೋಡಿ.

ಅಂಕ ಬದಿಗಿಟ್ಟರೆ ನನಗೂ ಕೆಲವು "ಶ್ರೇಷ್ಠ"ಗಳ ಮೇಲೆ ಬೇಸರವಿದೆ. 1988ರ ಕ್ಯಾಲ್ಗರಿಯ ಕಾರ್ಮೆನ್ ಜಗಳ ಎಲ್ಲರಿಗೂ ಗೊತ್ತು. ಪೂರ್ವ ಜರ್ಮನಿಯ ಕಟಾರಿನಾ ವಿಟ್, ಅಮೆರಿಕದ ಡೆಬಿ ಥಾಮಸ್, ಇಬ್ಬರದ್ದೂ ಬಿಜೆಯ ಕಾರ್ಮೆನ್ ಸಂಗೀತ. ವಿಟ್ ಗೆದ್ದರು. ಹೊಗಳದವರಿಲ್ಲ. ನನಗೆ ಅದು ಅಷ್ಟಕ್ಕಷ್ಟೇ. ಅಭಿನಯ ಇದೆ, ಒಪ್ಪುತ್ತೇನೆ. ಕೊನೆಗೆ ಐಸ್ ಮೇಲೆ ಸತ್ತು ಬೀಳುವುದೂ ಸರಿ. ಆದರೆ ನಡುವೆ ಬಹಳ ಹೊತ್ತು ಸುಮ್ನೆ ಭಂಗಿ ಕೊಡುತ್ತಾ ನಿಂತಿರುತ್ತಾರೆ. ಥಾಮಸ್ ಪ್ರೋಗ್ರಾಂ ಕಷ್ಟದ್ದು, ಮೊದಲ ಜಂಪ್ ಜೋಡಿ ಕೆಟ್ಟಿತು, ಅಲ್ಲಿಗೆ ಅವರ ಮುಖ ಇಳಿದುಹೋಯಿತು. ಕಂಚು ಬಂತು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಮೊದಲ ಕಪ್ಪು ಕ್ರೀಡಾಪಟು ಅವರು. ಮುಂದೆ ಮೂಳೆ ಡಾಕ್ಟರ್ ಆದರು. ಈ ಇಬ್ಬರ ಗದ್ದಲದಲ್ಲಿ ಆ ರಾತ್ರಿ ಫ್ರೀ ಸ್ಕೇಟ್ ಗೆದ್ದವರು ಯಾರು ಅಂತಲೇ ಜನ ಮರೆತರು. ಕೆನಡಾದ ಎಲಿಜಬೆತ್ ಮ್ಯಾನ್ಲಿ! ತವರಿನ ಜನರ ಮುಂದೆ, ಯಾರೂ ಎಣಿಸದ ಹುಡುಗಿ. ಕಾರ್ಮೆನ್ ಎರಡನ್ನೂ ಬಿಟ್ಟು ಮ್ಯಾನ್ಲಿ ನೋಡಿ ಅನ್ನುತ್ತೇನೆ ನಾನು.

ಇಟೊ ಬರೀ ಜಂಪ್ ಅನ್ನುವುದನ್ನು ಒಪ್ಪುವುದಿಲ್ಲ. ಜಂಪ್‌ಗೆ ಹೋಗುವ ವೇಗ ನೋಡಿ. ಇಳಿದ ಮೇಲೂ ಆ ವೇಗ ಸಾಯುವುದಿಲ್ಲ. ಈಗಿನ ಎಷ್ಟೋ ಕ್ವಾಡ್‌ಗಳಿಗೆ ಮುಂಚೆ ರಿಂಕ್‌ನ ಉದ್ದಕ್ಕೂ ತಯಾರಿ ನಡೆಯುತ್ತದೆ, ಇಳಿದ ಮೇಲೆ ಅರೆಗಳಿಗೆ ಎಲ್ಲಾ ನಿಲ್ಲುತ್ತದೆ. ಹೊಸ ಪದ್ಧತಿಯ ಇನ್ನೊಂದು ತೊಂದರೆ ಸ್ಪಿನ್‌ನಲ್ಲಿ ಕಾಣುತ್ತದೆ. ಪ್ರತಿ ಭಂಗಿಗೂ ಅಂಕ ಕೂಡಿಸುತ್ತಾರೆ. ಹಾಗಾಗಿ ಎಲ್ಲರೂ ಒಂದೇ ಸ್ಪಿನ್‌ನಲ್ಲಿ ಐದಾರು ಥರ ಕಾಲು ಹಿಡಿದು ತಿರುಗುತ್ತಾರೆ. ಅಂದ ಇರಲಿ ಬಿಡಲಿ.

ನಿಯಮದ ಮಾತು ಬಂತಲ್ಲ, ಸುರ್ಯಾ ಬೊನಾಲಿಯನ್ನು ಬಿಡುವುದು ಹೇಗೆ. 1976ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಟೆರಿ ಕುಬಿಕಾ ಬ್ಯಾಕ್‌ಫ್ಲಿಪ್ (ಹಿಂದಕ್ಕೆ ಪಲ್ಟಿ) ಹೊಡೆದ ಮೇಲೆ ಅದನ್ನು ನಿಷೇಧಿಸಿದ್ದರು. ಅಪಾಯ ಅಂತ ಒಂದು ಕಾರಣ, ಜಂಪ್ ಒಂದೇ ಕಾಲಲ್ಲಿ ಇಳಿಯಬೇಕು ಅನ್ನುವುದು ಇನ್ನೊಂದು. ಫ್ರಾನ್ಸಿನ ಬೊನಾಲಿ 1998ರ ನಗಾನೊ ಒಲಿಂಪಿಕ್ಸ್‌ಗೆ ಬರುವ ಹೊತ್ತಿಗೆ ಕಾಲಿನ ಗಾಯದಿಂದ ಸೋತಿದ್ದರು. ಪದಕ ಕೈಗೆ ಸಿಗಲ್ಲ ಅಂತ ಗೊತ್ತಿತ್ತು. ಫ್ರೀ ಸ್ಕೇಟ್ ನಡುವೆ ಬ್ಯಾಕ್‌ಫ್ಲಿಪ್ ಹೊಡೆದರು, ಒಂದೇ ಕಾಲಲ್ಲಿ ಇಳಿದರು. ಒಂದೇ ಕಾಲು ಬೇಕು ಅಂದಿದ್ರಲ್ಲ, ತೊಗೊಳ್ಳಿ ಅನ್ನುವ ಹಾಗೆ. ಅಂಕ ಕತ್ತರಿಸಿದರು, ಹತ್ತನೇ ಸ್ಥಾನ ಬಂತು. 2024ರಲ್ಲಿ ಆ ನಿಷೇಧ ತೆಗೆದರು. ಈಗ ನಿಮ್ಮ ಮಲಿನಿನ್ ಬ್ಯಾಕ್‌ಫ್ಲಿಪ್ ಹೊಡೆದರೆ ಜನ ಚಪ್ಪಾಳೆ ತಟ್ಟುತ್ತಾರೆ. ಹಾಸನದವರೇ, ಅವನದ್ದು ನೋಡಿದ ಕೂಡಲೇ ಬೊನಾಲಿಯದ್ದು ನೋಡಿ. ಆವತ್ತು ಅದಕ್ಕೆ ಕೊಟ್ಟ ಬೆಲೆ ಗೊತ್ತಾಗುತ್ತದೆ.

ನಾಲ್ಕು ಚಕ್ರ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಾನು ಬೆಂಗಳೂರಲ್ಲಿ ಮಕ್ಕಳಿಗೆ ರೋಲರ್ ಸ್ಕೇಟಿಂಗ್ ಹೇಳಿಕೊಡುತ್ತೇನೆ, ಆರ್ಟಿಸ್ಟಿಕ್ ವಿಭಾಗ. ಕಡ್ಡಾಯ ಫಿಗರ್ ಸತ್ತುಹೋಯಿತು ಅಂತ ಐಸ್‌ನವರು ಹೇಳುತ್ತಾರೆ. ಅಲ್ಲಿ 1990ಕ್ಕೆ ಮುಗಿಯಿತು, ನಿಜ. ನಮ್ಮಲ್ಲಿ ಇನ್ನೂ ಇದೆ! ನೆಲದ ಮೇಲೆ ಬಣ್ಣದಲ್ಲಿ ದೊಡ್ಡ ವೃತ್ತ, ಸಣ್ಣ ಲೂಪ್ ಎಳೆದಿರುತ್ತೇವೆ. ಮಕ್ಕಳು ಆ ಗೆರೆ ಬಿಡದೆ ಒಂದೇ ಕಾಲಲ್ಲಿ ಹೋಗಬೇಕು. ಬಂದ ಹೊಸದರಲ್ಲಿ ಎಲ್ಲರೂ ಅಳುತ್ತಾರೆ. "ಮಿಸ್, ಜಂಪ್ ಯಾವಾಗ?" ಅನ್ನುವುದೇ ಪ್ರಶ್ನೆ.

ನಮಗೆ ಗೆರೆ ಹಾಕಿಟ್ಟಿರುತ್ತಾರೆ. ಐಸ್ ಮೇಲೆ ಗೆರೆಯೇ ಇರುತ್ತಿರಲಿಲ್ಲ, ಅಲ್ಲಿರುವ ವ್ಯತ್ಯಾಸ ಅದು. ಮೊದಲ ಸುತ್ತಿನಲ್ಲಿ ಅವರೇ ಗೆರೆ ಹುಟ್ಟಿಸಬೇಕು, ಆಮೇಲೆ ಅದರ ಮೇಲೆಯೇ ಕೂರಬೇಕು. ಚುಕ್ಕಿ ಇಡದೆ ರಂಗೋಲಿ ಎಳೆದು, ಅದೇ ಎಳೆಯ ಮೇಲೆ ಕಣ್ಣು ಮುಚ್ಚಿ ಮತ್ತೆ ಎಳೆದ ಹಾಗೆ. ಶುಬಾ ಅಂಥವರನ್ನು ಟಿವಿ ಜನ ಬೈಯುವುದು ನನಗೆ ಇಷ್ಟ ಆಗಲ್ಲ. ಟ್ರೆಂಟ್ ಮೇಡಂ, ನೀವೂ ಅವರ ಚಿನ್ನವನ್ನು ಸ್ವಲ್ಪ ಹಗುರ ಮಾಡಿದಿರಿ. ಅವತ್ತಿನ ಆಟ ಅದೇ ಆಗಿತ್ತು, ಅದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ.

ಫಿಗರ್ ಕಲಿತವರನ್ನು ಹೇಗೆ ಗುರುತಿಸುವುದು ಅಂತ ಹೇಳಲಾ? ನಡೆಯುವಾಗ ಒಂದೇ ತಳ್ಳಿಗೆ ಎಷ್ಟು ದೂರ ಹೋಗುತ್ತಾರೆ ನೋಡಿ. ಹಳಬರು ಒಂದು ತಳ್ಳು ಕೊಟ್ಟು ಅರ್ಧ ರಿಂಕ್ ದಾಟುತ್ತಾರೆ. ನನ್ನ ಮಕ್ಕಳಿಗೆ ಕರಿ ವಿಡಿಯೊ ತೋರಿಸುವುದು ಅದಕ್ಕೇ. ಜಂಪ್ ಬಂದಾಗ ನಿಲ್ಲಿಸಿಬಿಡುತ್ತೇನೆ, ಅವರಿಗೆ ಸಿಟ್ಟು ಬರುತ್ತದೆ.

ಟ್ರೆಂಟ್ ದಂಡೆ

ಶುಬಾ ವಿಷಯ ನೀವು ಹೇಳಿದ್ದು ನ್ಯಾಯ. ಬಣ್ಣದ ಗೆರೆಯ ಮಾತು ಓದಿ ಖುಷಿಯಾಯಿತು. ಆ ಮಕ್ಕಳು ಫಿಗರ್ ಮಾಡುವ ವಿಡಿಯೊ ಇದ್ದರೆ ಯಾರ ಮುಖವೂ ಕಾಣದ ಹಾಗೆ, ಬರೀ ಕಾಲು ತೋರಿಸಿ ಹಾಕಿ, ನಮ್ಮ ಕ್ಲಾಸಿನವರಿಗೆ ತೋರಿಸುತ್ತೇನೆ.

ಹಾಸನದ ಹುಡುಗ

ಅಕ್ಕ, ಮೇಷ್ಟ್ರೇ, ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಪೂರ್ತಿ ಇದರಲ್ಲೇ ಹೋಯಿತು. ಇಟೊ ನೋಡಿ ಬಾಯಿ ಕಟ್ಟಿಹೋಯಿತು. ಕ್ಯಾಲ್ಗರಿಯದ್ದು ಮುಗಿಸಿ, ಪಕ್ಕದಲ್ಲಿ ಬಂದ 1991ರ ಮ್ಯೂನಿಕ್ ವಿಶ್ವ ಚಾಂಪಿಯನ್‌ಶಿಪ್ ವಿಡಿಯೊ ಒತ್ತಿದೆ. ಅಯ್ಯೋ! ಜಂಪ್ ಮಾಡುತ್ತಾ ಅಂಚಿಗೆ ಹೋಗಿ, ಕ್ಯಾಮೆರಾಗೆ ಅಂತ ಬಿಟ್ಟಿದ್ದ ಜಾಗದಲ್ಲಿ ರಿಂಕ್‌ನಿಂದ ಆಚೆಗೇ ಬಿದ್ದರಲ್ಲ! ಎದ್ದು ಒಳಗೆ ಹಾರಿ ನಗುತ್ತಾ ಮುಂದುವರಿಸಿದರು. ಇದನ್ನು ನನಗೆ ಯಾರೂ ಯಾಕೆ ಹೇಳಿರಲಿಲ್ಲ?

ಬೊಲೆರೊ ಇಯರ್‌ಫೋನ್ ಹಾಕಿಕೊಂಡು ನೋಡಿದೆ. 18 ಸೆಕೆಂಡ್ ನಾನೇ ಎಣಿಸಿದೆ. ಕೊನೆಗೆ ಇಬ್ಬರೂ ಐಸ್ ಮೇಲೆ ಬೀಳುವಾಗ ಸಂಗೀತವೂ ಅಲ್ಲೇ ಕುಸಿಯುತ್ತದೆ, ಅದು ಸಖತ್. ಆದರೆ ಒಂದು ಮಾತು ಹೇಳುತ್ತೇನೆ, ಬೈಯಬೇಡಿ. ಕರಿ ಇನ್ನೂ ನನಗೆ ಹಿಡಿಸಿಲ್ಲ. ಕಾಲು ನೋಡಿದೆ, ಒರಗುವುದು ಕಾಣಿಸಿತು. ಆದರೂ ನನ್ನ ಮನಸ್ಸು ಮುಂದಿನ ಜಂಪ್ ಯಾವಾಗ ಅಂತ ಕಾಯುತ್ತಿತ್ತು.

ಇನ್ನೊಂದು ಪ್ರಶ್ನೆ. ಎಲ್ಲಾ ಕಡೆ ಮಿಷೆಲ್ ಕ್ವಾನ್ ಹೆಸರು ಬರುತ್ತದೆ, ನಗಾನೊದಲ್ಲಿ ಬೆಳ್ಳಿ ತಾನೇ? ಮತ್ತೆ ಗೊರ್ಡೀವಾ–ಗ್ರಿಂಕೋವ್ ಜೋಡಿ ಅಂತಾರೆ. ಅವರದ್ದು ಯಾವುದು ನೋಡಲಿ?

ಟ್ರೆಂಟ್ ದಂಡೆ

ಕರಿ ಹಿಡಿಸದಿದ್ದರೆ ಬೈಯುವುದೇನಿದೆ. ಬಿಟ್ಟುಬಿಡಿ.

ಕ್ವಾನ್‌ಗೆ ನಗಾನೊ ನೋಡಬೇಡಿ. ಅಲ್ಲಿ ಅವರು ತಪ್ಪು ಮಾಡಲಿಲ್ಲ, ಆದರೆ ತಪ್ಪಾಗಬಾರದು ಅಂತ ಹುಷಾರಾಗಿ ಸ್ಕೇಟ್ ಮಾಡಿದರು. ಹದಿನೈದು ವರ್ಷದ ತಾರಾ ಲಿಪಿನ್ಸ್ಕಿ ಟ್ರಿಪಲ್ ಲೂಪ್–ಟ್ರಿಪಲ್ ಲೂಪ್ ಹಾರಿ ಕುಣಿದು ಕುಪ್ಪಳಿಸಿ ಚಿನ್ನ ಹೊತ್ತುಕೊಂಡು ಹೋದಳು. ಅದು ಸರಿಯೇ ಅಂತ ನನ್ನ ಅಭಿಪ್ರಾಯ, ಕ್ವಾನ್ ಅಭಿಮಾನಿಗಳು ಕಲ್ಲು ಹೊಡೆಯಲಿ. ಅದೇ ಪ್ರೋಗ್ರಾಂ, ವಿಲಿಯಂ ಆಲ್ವಿನ್ ಸಂಗೀತದ್ದು, ಒಂದು ತಿಂಗಳು ಮುಂಚೆ ಫಿಲಡೆಲ್ಫಿಯಾದ ಅಮೆರಿಕ ರಾಷ್ಟ್ರೀಯ ಸ್ಪರ್ಧೆಯಲ್ಲಿ ಇದೆ. ಅದನ್ನು ನೋಡಿ. ಅಲ್ಲಿ ಯಾರ ಭಯವೂ ಇಲ್ಲ. ಶಾರ್ಟ್, ಫ್ರೀ ಎರಡೂ ಸೇರಿ 15 ಸಲ 6.0 ಬಂತು. ಮೇಷ್ಟ್ರೇ, ಅಂಕ ಹೇಳಿದ್ದಕ್ಕೆ ಕ್ಷಮಿಸಿ. ಅವರ ಸ್ಪೈರಲ್ ಗಮನಿಸಿ. ಒಂದು ಕಾಲು ಹಿಂದಕ್ಕೆ ಎತ್ತಿಕೊಂಡು ಒಳಗಂಚಿನ ಮೇಲೆ ಹೋಗುತ್ತಾರೆ. ಕಾಲು ಇಳಿಸದೆ ಹೊರಗಂಚಿಗೆ ಬದಲಾಯಿಸುತ್ತಾರೆ, ಗೆರೆ ಇನ್ನೊಂದು ಕಡೆಗೆ ಬಾಗುತ್ತದೆ. ಇಷ್ಟೇ. ಯಾವ ಜಂಪೂ ಇಲ್ಲದ ಆ ಕೆಲವು ಸೆಕೆಂಡಿಗೆ ಜನ ಕೂಗುತ್ತಾರೆ.

ಅದೇ ನಗಾನೊದಲ್ಲಿ ಕಂಚು ಗೆದ್ದ ಚೀನಾದ ಚೆನ್ ಲು ಅವರನ್ನೂ ಬಿಡಬೇಡಿ. 1995ರ ವಿಶ್ವ ಚಾಂಪಿಯನ್. 1997ರಲ್ಲಿ 25ನೇ ಸ್ಥಾನಕ್ಕೆ ಬಿದ್ದು ಎಲ್ಲರೂ ಕೈಬಿಟ್ಟಿದ್ದರು. ಮರುವರ್ಷ ಬಟರ್‌ಫ್ಲೈ ಲವರ್ಸ್ ಅನ್ನುವ ತಮ್ಮ ನಾಡಿನ ಸಂಗೀತ ಇಟ್ಟುಕೊಂಡು ಬಂದರು. ಮುಗಿದ ಮೇಲೆ ಐಸ್‌ಗೆ ತಲೆ ಬಾಗಿಸಿ ಅತ್ತರು.

ಗೊರ್ಡೀವಾ–ಗ್ರಿಂಕೋವ್. 1988ರಲ್ಲಿ ಕ್ಯಾಲ್ಗರಿಯಲ್ಲಿ ಚಿನ್ನ ಗೆದ್ದಾಗ ಅವಳಿಗೆ 16, ಅವನಿಗೆ 21. ಆಮೇಲೆ ಮದುವೆ, ಮಗಳು. 1994ರ ಲಿಲ್ಲೆಹ್ಯಾಮರ್‌ಗೆ ಮತ್ತೆ ಬಂದರು, ಬೇಥೋವನ್‌ನ ಮೂನ್‌ಲೈಟ್ ಸೊನಾಟಾ. ಈ ಜೋಡಿಯಲ್ಲಿ ನೋಡಬೇಕಾದ್ದು ಸದ್ದಿಲ್ಲದಿರುವುದು. ಅವನು ಅವಳನ್ನು ಎತ್ತುವಾಗ, ಎಸೆಯುವಾಗ, ಇಳಿಸುವಾಗ ಎಲ್ಲೂ ಬಲ ಹಾಕಿದ ಹಾಗೆ ಕಾಣುವುದಿಲ್ಲ. ಅವಳ ಕಾಲು ಐಸ್ ಮುಟ್ಟಿದ್ದೇ ಗೊತ್ತಾಗುವುದಿಲ್ಲ. ಆದರೆ ಅವತ್ತು ಅವರ ಸ್ಕೇಟಿಂಗ್‌ನಲ್ಲಿ ಸಣ್ಣಪುಟ್ಟ ತಪ್ಪುಗಳಿದ್ದವು. ಬೆಳ್ಳಿ ಗೆದ್ದ ಮಿಶ್ಕುಟೆನೊಕ್–ದ್ಮಿತ್ರಿಯೆವ್ ಜೋಡಿಗೇ ಚಿನ್ನ ಬರಬೇಕಿತ್ತು ಅನ್ನುವವರು ಬಹಳ ಜನ. ನಾನೂ ಒಮ್ಮೊಮ್ಮೆ ಆ ಕಡೆ ವಾಲುತ್ತೇನೆ. ಎರಡೂ ಒಂದರ ಹಿಂದೆ ಒಂದು ನೋಡಿ, ನೀವೇ ಹೇಳಿ.

1995ರ ನವೆಂಬರ್‌ನಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಅಭ್ಯಾಸ ಮಾಡುವಾಗ ಗ್ರಿಂಕೋವ್ ಹೃದಯಾಘಾತದಿಂದ ತೀರಿಕೊಂಡರು. 28 ವರ್ಷ. ನಿಮ್ಮ ಮಲಿನಿನ್ ಕ್ವಾಡ್ ಆಕ್ಸೆಲ್ ಹಾರಿದ ಊರೇ ಅದು. ಮುಂದಿನ ಫೆಬ್ರವರಿಯಲ್ಲಿ ಗೊರ್ಡೀವಾ ಒಬ್ಬರೇ ಮಾಹ್ಲರ್ ಸಂಗೀತಕ್ಕೆ ಸ್ಕೇಟ್ ಮಾಡಿದ ವಿಡಿಯೊ ಇದೆ. ನೋಡುವುದಾದರೆ ಮೊದಲು ಜೋಡಿಯದ್ದೆಲ್ಲ ನೋಡಿ ಮುಗಿಸಿ. ಇಲ್ಲದಿದ್ದರೆ ಆ ದುಃಖದ ಕಣ್ಣಲ್ಲೇ ಉಳಿದದ್ದನ್ನೂ ನೋಡುತ್ತೀರಿ, ಅವರ ಕೆಲಸ ಕಾಣುವುದಿಲ್ಲ.

ಇದು ಭಾರ ಅನ್ನಿಸಿದರೆ 1973ರ ಬ್ರಾಟಿಸ್ಲಾವಾ ವಿಶ್ವ ಚಾಂಪಿಯನ್‌ಶಿಪ್ ಹುಡುಕಿ. ಸೋವಿಯತ್ ಜೋಡಿ ಇರೀನಾ ರೊಡ್ನಿನಾ, ಅಲೆಕ್ಸಾಂಡರ್ ಜೈತ್ಸೆವ್. ಶಾರ್ಟ್ ಪ್ರೋಗ್ರಾಂ ನಡುವೆ ಸಂಗೀತ ನಿಂತುಹೋಯಿತು. ಇವರು ನಿಲ್ಲಲಿಲ್ಲ. ಉಳಿದದ್ದನ್ನು ಸಂಗೀತವಿಲ್ಲದೆ, ಒಂದು ಹೆಜ್ಜೆ ತಪ್ಪದೆ ಮುಗಿಸಿದರು, ಚಿನ್ನವೂ ಗೆದ್ದರು. ಅಲ್ಲಿ ಬೆಳ್ಳಿ ಬಂದಿದ್ದು ಉಲಾನೊವ್‌ಗೆ. ಯಾರು ಗೊತ್ತಾ? ರೊಡ್ನಿನಾರ ಹಿಂದಿನ ಜೋಡಿ. ಒಂದು ವರ್ಷ ಮುಂಚೆ ಇಬ್ಬರೂ ಸೇರಿ ಒಲಿಂಪಿಕ್ಸ್ ಗೆದ್ದಿದ್ದರು. ಆಮೇಲೆ ಅವನು ಎದುರಾಳಿ ಜೋಡಿಯ ಹುಡುಗಿಯನ್ನು ಮದುವೆಯಾಗಿ ಆ ಕಡೆ ಹೋದ. ಆ ಕಥೆಗೆ ಬೇರೆ ಥ್ರೆಡ್ಡೇ ಬೇಕು.

ಲೆಕ್ಕದ ಮೇಷ್ಟ್ರು

ತೆಗೀರಿ ಮೇಡಂ, ಬರ್ತೀನಿ. ಮಿಶ್ಕುಟೆನೊಕ್ ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆ. ಲಿಪಿನ್ಸ್ಕಿ ವಿಷಯದಲ್ಲೂ.

ನಾಲ್ಕು ಚಕ್ರ

ಲಿಪಿನ್ಸ್ಕಿ ವಿಷಯದಲ್ಲಿ ನಾನು ಇಬ್ಬರ ಕಡೆಯೂ ಇಲ್ಲ. ಹೊಸ ಥ್ರೆಡ್‌ನಲ್ಲಿ ಸಿಗೋಣ.